ಇನ್ವರ್‌ಡೋರಿಯ ಕರಿ ನಿಲುವಂಗಿ

ನಾನು ಒಂದು ಕರಿ ನಿಲುವಂಗಿ. ಸ್ಕಾಟ್ಲೆಂಡಿನ ಕಡಲಂಚಿನಲ್ಲಿ ಇನ್ವರ್‌ಡೋರಿ ಎಂಬ ಪುಟ್ಟ ಊರಿದೆ. ನಾನು ಹುಟ್ಟಿದ್ದು ಅದರ ಹಿಂದಿನ ಗುಡ್ಡದ ಕುರಿಗಳ ಉಣ್ಣೆಯಿಂದ. ನಾನು ಯಾರೊಬ್ಬರ ಸೊತ್ತಲ್ಲ, ಇಡೀ ಊರಿನದು. ಮುನ್ನೂರು ವರ್ಷಗಳಿಗೂ ಹಿಂದಿನ ಮಾತು. ಆಗೆಲ್ಲ ರಾಜನ ಸನ್ನದು ಪಡೆದ ಊರುಗಳು, ಎಷ್ಟೇ ಸಣ್ಣವಾಗಿರಲಿ, ತಮ್ಮ ವರ್ತಕನೊಬ್ಬನನ್ನು ಎಡಿನ್‌ಬರೋದ ಪಾರ್ಲಿಮೆಂಟಿಗೆ ಕಳಿಸುತ್ತಿದ್ದವು. ಸಭೆ ಸೇರುವ ಮೊದಲ ದಿನ ಆ ವರ್ತಕರು ಕಪ್ಪು ತೊಟ್ಟು ಕುದುರೆಯ ಮೇಲೆ ಮೆರವಣಿಗೆ ಹೋಗಬೇಕು. ನಮ್ಮೂರಿಗೆ ಇದ್ದದ್ದು ನಾನೊಂದೇ. ಯಾರು ಹೋದರೂ ನನ್ನನ್ನೇ ತೊಡಬೇಕು.

ನನ್ನನ್ನು ಹೊಲಿದದ್ದು ಆಜಾನುಬಾಹು ಮುಖಂಡನೊಬ್ಬನ ಅಳತೆಗೆ. ಅವನ ಭುಜದ ಮೇಲೆ ನಾನು ಬೀಗಿದ್ದೇ ಬೀಗಿದ್ದು. ಅವನು ಸತ್ತ ವರ್ಷವೇ ಪಕ್ಕದ ದೊಡ್ಡ ಊರು ನಮ್ಮ ಶುಕ್ರವಾರದ ಸಂತೆಯ ಮೇಲೆ ಕಣ್ಣು ಹಾಕಿತು. ಅದನ್ನು ಮುಚ್ಚಿಸಬೇಕೆಂದು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟಿತು. ಸಂತೆ ಹೋದರೆ ನಮ್ಮ ಮೀನು, ಉಪ್ಪು ಕೇಳುವವರಿಲ್ಲ, ಊರೇ ಖಾಲಿಯಾಗುತ್ತದೆ. ತಡೆಯಲು ಆರಿಸಿದ್ದು ಉಪ್ಪಿನ ವ್ಯಾಪಾರಿ ನಿನಿಯನ್ ಡಫ್‌ನನ್ನು. ಆಳು ಗಿಡ್ಡ. ನನಗೆ ಅವಮಾನವಾಯಿತು.

“ಕತ್ತರಿ ತಾ, ಮೇರಿಯನ್. ನೆಲ ಗುಡಿಸ್ತಿದೆ ಇದು,” ಎಂದ ಹೆಂಡತಿಗೆ.

“ಊರಿನ ಬಟ್ಟೆ ಕತ್ತರಿಸೋಕೆ ನಾವ್ಯಾರು? ಮುಂದೆ ಎತ್ತರದವ್ರು ಹೋಗ್ಬೇಕಾದ್ರೆ?” ಎನ್ನುತ್ತಾ ಅವಳು ಅಂಚು ಮಡಚಿ ಹೊಲಿಗೆ ಹಾಕಿದಳು.

ಕುದುರೆ ಸವಾರಿಯಲ್ಲೇ ಆ ಹೊಲಿಗೆ ಸಡಿಲವಾಗಿತ್ತು. ಸಭೆಯಲ್ಲಿ ನಿನಿಯನ್ ಮಾತಾಡಲು ಎದ್ದಾಗ ಪೂರಾ ಬಿಚ್ಚಿಕೊಂಡಿತು. ನನ್ನನ್ನೇ ತುಳಿದು ಮುಗ್ಗರಿಸಿದ. ಪ್ರಭುಗಳು ಬಿದ್ದು ಬಿದ್ದು ನಕ್ಕರು. ಅವನು ಮುಖ ಕೆಂಪಗೆ ಮಾಡಿಕೊಂಡು ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

“ಇದು ನನ್ನದಲ್ಲ ಸ್ವಾಮಿ, ನಮ್ಮೂರಿಂದು. ಊರು ನನಗಿಂತ ದೊಡ್ಡದು, ಅದಕ್ಕೇ ಉದ್ದ. ಸಂತೆ ಮುಚ್ಚಿಬಿಟ್ರೆ, ಮುಂದಿನ ಸಲ ಇದನ್ನ ತೊಡೋಕೂ ಅಲ್ಲಿ ಯಾರೂ ಇರಲ್ಲ.”

ನಗು ನಿಂತಿತು. ಉಳಿದ ಸಣ್ಣ ಊರುಗಳವರು ಒಬ್ಬೊಬ್ಬರಾಗಿ ಅವನ ಪರ ನಿಂತರು. ಸಂತೆ ಉಳಿಯಿತು.

ಮುಂದೆ ಸ್ಕಾಟ್ಲೆಂಡು ಇಂಗ್ಲೆಂಡಿನೊಂದಿಗೆ ಒಂದಾಗಿ ಆ ಪಾರ್ಲಿಮೆಂಟೇ ಮುಚ್ಚಿತು. ನಾಲ್ಕೈದು ಊರುಗಳನ್ನು ಒಟ್ಟುಹಾಕಿ ಲಂಡನ್ನಿಗೆ ಒಬ್ಬನನ್ನು ಕಳಿಸುವ ಪದ್ಧತಿ ಬಂತು. ನಾನು ಪೆಟ್ಟಿಗೆ ಸೇರಿದೆ, ಆಮೇಲೆ ಪುರಭವನದ ಗಾಜಿನ ಕಪಾಟು. ನುಸಿ ತಿಂದದ್ದು ತಿಂದು ಉಳಿದದ್ದು ನಾನು.

ಈಗ ಎಡಿನ್‌ಬರೋದಲ್ಲಿ ಮತ್ತೆ ಪಾರ್ಲಿಮೆಂಟು ಸೇರುತ್ತದೆ. ಈ ಭಾಗದಿಂದ ಗೆದ್ದ ಐಲ್ಸಾ, ಶುಕ್ರವಾರದ ಸಂತೆಯಲ್ಲಿ ಮೀನು ಮಾರುವವಳ ಮಗಳು, ಹೊರಡುವ ಮುಂಚೆ ನನ್ನನ್ನು ನೋಡಲು ಬಂದಳು. ಕಾವಲುಗಾರ ನನ್ನನ್ನು ಮೆಲ್ಲಗೆ ಅವಳ ಭುಜಕ್ಕೆ ಹಿಡಿದ. ಯಾರೂ ಕತ್ತರಿಸದ ಅಂಚು ನೆಲ ಮುಟ್ಟಿತು.

“ನಂಗೂ ಉದ್ದವೇ,” ಎಂದಳು.

ಈ ಸಲ ನನಗೆ ಅವಮಾನವಾಗಲಿಲ್ಲ.