ಬೆಂಕಿಗೊಂದು ಕಲ್ಲಿನ ಮಣೆ

ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ಖಾದರಬಿಯ ಮಗ್ಗದ ಕೋಣೆಗೆ ಬೆಂಕಿ ಎಂದೂ ಕಾಲಿಟ್ಟಿರಲಿಲ್ಲ. ಒಳಗೆಲ್ಲ ಹತ್ತಿಯ ನೂಲು, ಅರ್ಧ ನೇಯ್ದ ಜಮಖಾನ. ಕರೆಂಟು ಹೋದರೆ ದಾದಿ ಕತ್ತಲಲ್ಲೇ ಕೂರುತ್ತಿದ್ದಳು, ಮೇಣಬತ್ತಿ ತರಗೊಡುತ್ತಿರಲಿಲ್ಲ. ನನಗೆ ಕತೆಗಳು ಸಿಕ್ಕಿದ್ದು ಆ ಕತ್ತಲಲ್ಲಿ.

ಮೊಣಕಾಲು ಸೋತು ದಾದಿ ನೇಯುವುದನ್ನು ಬಿಟ್ಟ ಮೇಲೆ ಕೋಣೆ ಖಾಲಿ ಬಿದ್ದಿತ್ತು. ಹುಬ್ಬಳ್ಳಿಯಲ್ಲಿ ಬೆಳ್ಳಿ ಕೆಲಸ ಕಲಿತು ನವಲಗುಂದಕ್ಕೆ ಮರಳಿದ ನಾನು, ಅಲ್ಲಿ ಹುಡುಗಿಯರಿಗೆ ಕಲಿಸುತ್ತೇನೆ ಎಂದೆ. ತಂತಿ ಬಗ್ಗಿಸುವುದಕ್ಕೆ, ಅರದಿಂದ ಉಜ್ಜುವುದಕ್ಕೆ ದಾದಿ ಒಪ್ಪಿದಳು. ಬೆಸುಗೆಗೆ ಬೆಂಕಿ ಬೇಕೆಂದಾಗ ಒಪ್ಪಲಿಲ್ಲ. ಬೆಸುಗೆಯಿಲ್ಲದೆ ಉಂಗುರ ಕೂಡುವುದಿಲ್ಲ. ನನ್ನ ತರಗತಿಯೂ ನಡೆಯುವುದಿಲ್ಲ.

“ಮದ್ಲ ಆಕಿಗೆ ಜಾಗಾ ಮಾಡಿ ತೋರ್ಸು. ನೋಡಿ ಹೇಳ್ತೀನಿ,” ಎಂದಳು ಕಡೆಗೆ.

ಆಕಿ ಎಂದರೆ ಬೆಂಕಿ. ದಾದಿಯ ಕತೆಯಲ್ಲಿ ಬೆಂಕಿ ಹೊಸ ಸೊಸೆ, ಮುಟ್ಟಿದ್ದನ್ನೆಲ್ಲ ತಿನ್ನುವ ಹಸಿವಿನವಳು. ಜಾಣ ಅತ್ತೆ ಅವಳಿಗೆ ಕಲ್ಲಿನ ಮಣೆ ಹಾಕಿ, ಪಕ್ಕದಲ್ಲಿ ಕೊಡ ನೀರಿಟ್ಟು, ಅವಳ ನಿಟ್ಟುಸಿರು ಹೋಗಲು ಕಿಟಕಿ ತೆರೆದು, ಮನೆಯ ಹೆಂಗಸರಿಗೆಲ್ಲ ಜಡೆ ಸೆರಗು ಕಟ್ಟಿಕೊಳ್ಳಿ ಎನ್ನುತ್ತಾಳೆ.

ನಾನು ಹಾಗೇ ಮಾಡಿದೆ. ನನ್ನ ಮೊದಲ ವಿದ್ಯಾರ್ಥಿನಿ, ಎದುರು ಮನೆಯ ಗಂಗಾ ಕೈ ಜೋಡಿಸಿದಳು. ತೊಲೆಗಳ ಮೇಲೆ ಕೂತಿದ್ದ ಹತ್ತಿಯ ಧೂಳನ್ನು ಗುಡಿಸಿ ತೆಗೆದೆವು. ಕಿಟಕಿಯ ಬಳಿ ಕಲ್ಲಿನ ಕಟ್ಟೆ, ಅದರ ಮೇಲೆ ಬೆಸುಗೆಯ ಇಟ್ಟಿಗೆ, ಹಿಂದಿನ ಗೋಡೆಗೆ ತಗಡು. ಬಕೆಟ್ಟಿನಲ್ಲಿ ಮರಳು, ಇನ್ನೊಂದರಲ್ಲಿ ನೀರು. ಎಲ್ಲ ಮುಗಿದಾಗ ಮನಸ್ಸು ಉಕ್ಕಿಬಂತು. ದಾದಿ ಕಡೆಯದಾಗಿ ನೇಯ್ದಿದ್ದ ಜೋಡಿ ನವಿಲಿನ ಜಮಖಾನವನ್ನು, ಅವಳಿಗೆ ಮರ್ಯಾದೆಯಾಗಲಿ ಎಂದು, ಕಟ್ಟೆಯ ಮುಂದೆಯೇ ಹಾಸಿಬಿಟ್ಟೆ.

ದಾದಿ ಗೋಡೆ ಹಿಡಿದುಕೊಂಡು ಬಂದಳು. ಕಲ್ಲು ತಟ್ಟಿದಳು, ನೀರಲ್ಲಿ ಬೆರಳದ್ದಿದಳು. ಆಮೇಲೆ ಕೆಳಗೆ ನೋಡಿದಳು.

“ಮುಬಶಿರಾ, ಹಸದ ಸೊಸಿ ಮುಂದ ತಾಟು ಬಡಿಸಿ ಇಟ್ಟೀಯಲ್ಲ!”

ಗಂಗಾ ಕಿಸಕ್ಕನೆ ನಕ್ಕಳು. “ಅಕ್ಕಾ, ಎರಡೂ ನವಲು ಸುಟ್ಟು ತಿಂತಿದ್ಲು ನೋಡ್ರಿ.”

“ನೀ ಏನ್ ನಗತೀ? ನಿನ್ನ ಜಡಿ ನೋಡ್ಕೊ ಮದ್ಲ, ಬಕೀಟಿನ್ಯಾಗ ಈಜಾಕ್ಹತ್ತೇತಿ.”

ಗಂಗಾ ಜಡೆ ಹಿಂಡಿ ತುರುಬು ಕಟ್ಟಿದಳು. ನಾನು ಜಮಖಾನ ಸುತ್ತಿ ಹೊರಗಿಟ್ಟೆ. ದಾದಿ ಇನ್ನು ಬೇಡವೆಂದೇ ಹೇಳುತ್ತಾಳೆ ಅನಿಸಿತು.

“ಕತಿ ಪೂರಾ ನೆನಪೈತೇನು? ಕಡೀಕ ಅತ್ತಿ ಏನ್ ಮಾಡಿದ್ಲು?”

ನೆನಪಿರಲಿಲ್ಲ. ಪ್ರತಿಸಲ ಅಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು.

“ಬಾಜೂಕ ಕುಂತ್ಲು. ಸೊಸೀನ್ನ ಒಬ್ಬಾಕಿನ್ನ ಬಿಡಲಿಲ್ಲ. ನೀ ಹುಡುಗ್ಯಾರ ಕೈ ನೋಡ್ತಿ. ಆಕಿನ್ನ ಯಾರ್ ನೋಡ್ತಾರ?”

ದಾದಿ ಗಂಗಾಳ ಕೈಯಿಂದ ಕುರ್ಚಿ ತರಿಸಿ, ಮರಳಿನ ಬಕೆಟ್ಟಿನ ಪಕ್ಕ ಹಾಕಿಸಿ ಕುಳಿತಳು. ನನ್ನಿಂದ ಬೆಸುಗೆಯ ಗ್ಯಾಸು ಹೊತ್ತಿಸುವ ಲೈಟರ್ ಇಸಿದುಕೊಂಡು ತನ್ನ ಎಲೆಯಡಿಕೆಯ ಸಂಚಿಗೆ ಹಾಕಿ ದಾರ ಎಳೆದಳು.

ಮಧ್ಯಾಹ್ನ ಉಳಿದ ಹುಡುಗಿಯರೂ ಬಂದರು. ಗಂಗಾ ತನ್ನ ಬೆಳ್ಳಿಯ ಉಂಗುರವನ್ನು ಇಟ್ಟಿಗೆಯ ಮೇಲಿಟ್ಟು ದಾದಿಯ ಬಳಿಗೆ ಓಡಿ ಬಂದಳು.

“ಅಮ್ಮಾ, ನಿಮ್ಮ ಸೊಸೀನ್ನ ಕಳಸ್ರಿ.”

“ಓಡಬ್ಯಾಡಲೇ. ಓಢಣಿ ಕಟ್ಟೀಯೇನು?”

ಕಟ್ಟಿದ್ದಳು. ದಾದಿ ಸಂಚಿಯ ದಾರ ಬಿಚ್ಚಿದಳು. ಲೈಟರ್ ಜೊತೆಗೆ ಒಂದು ಅಡಿಕೆ ಚೂರೂ ಗಂಗಾಳ ಅಂಗೈಗೆ ಬಿತ್ತು.