ಅಮ್ಮನ ತೋರುಬೆರಳು

ಅಮ್ಮನ ತೋರುಬೆರಳು ತುಟಿಯ ಮೇಲೆ ನಿಂತದ್ದು ನನಗೆ ಇವತ್ತಿಗೂ ಕಾಣುತ್ತದೆ. ಆ ದಿನ ದೋಣಿಯಲ್ಲಿ ಅದು ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತಿತ್ತು, ನನ್ನ ಕಾಟ ತಡೆಯಲಾರದೆ. ನಾನು ಆಗ ದೊಡ್ಡ ಬಾಯಿಬಡುಕ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನು ನಾನೊಬ್ಬನೇ ಆಡುತ್ತಿದ್ದೆ, ಏಕೆಂದರೆ ಅಕ್ಕ ಕುಮುದ ಮಾತು ಬಿಟ್ಟಿದ್ದಳು.

ಅವಳನ್ನು ಮಡಿಲಲ್ಲಿಟ್ಟುಕೊಂಡು ಬೆಳೆಸಿದ್ದ ಅಜ್ಜಿ ತೀರಿಕೊಂಡಂದಿನಿಂದ ಹಾಗಾಗಿತ್ತು. ಊಟ ಮಾಡುತ್ತಿದ್ದಳು, ಶಾಲೆಗೆ ಹೋಗುತ್ತಿದ್ದಳು, ಕರೆದರೆ ತಿರುಗಿ ನೋಡುತ್ತಿದ್ದಳು. ಮಾತು ಮಾತ್ರ ಇಲ್ಲ. ಅಮ್ಮ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಕೊನೆಗೆ ಡಾಕ್ಟರು, "ಗಂಟಲಲ್ಲಿ ಏನೂ ದೋಷ ಇಲ್ಲಮ್ಮ. ತಾನಾಗಿ ಮಾತಾಡ್ಬೇಕು ಅನ್ನಿಸೋ ಅಂಥದ್ದೇನಾದ್ರೂ ತೋರಿಸಿ," ಎಂದರು. ಬೀದಿಯಲ್ಲಿ ಒಂದು ಕರು ಕಂಡರೂ ಅಕ್ಕ ನಿಂತಲ್ಲೇ ನಿಂತುಬಿಡುವವಳು. ಹಾಗಾಗಿ ಅಪ್ಪ ನಮ್ಮನ್ನು ಕಾಡಿನ ಹೊಳೆಗೆ ಕರೆದುಕೊಂಡು ಹೋದರು.

ಅಂಬಿಗ ಐತಪ್ಪ ದೋಣಿ ಹತ್ತಿಸುವಾಗಲೇ ಹೇಳಿದ, "ಮಾತಾಡಿದ್ರೆ ಒಂದು ಪ್ರಾಣಿನೂ ಕಾಣೋದಿಲ್ಲ. ಕಂಡ್ರೂ ಉಸಿರೆತ್ತಬೇಡಿ."

ಅಮ್ಮ ನನ್ನ ಕಡೆ ನೋಡಿದಳು. "ಕೇಳಿಸ್ತಾ ನಿಂಗೆ?"

ಎರಡೂ ದಡದ ಮರಗಳು ಮೇಲೆ ಕೂಡಿಕೊಂಡು ಹಗಲಲ್ಲೇ ಮಬ್ಬುಗತ್ತಲಾಗಿತ್ತು. ಅಮ್ಮ ಮುಂದೆ ಓರೆಯಾಗಿ ಕೂತಿದ್ದಳು, ಅವಳ ಹಿಂದೆ ನಾನು ಮತ್ತು ಅಕ್ಕ, ನಮ್ಮ ಹಿಂದೆ ಅಪ್ಪ. ಕೊಂಬೆಯ ಮೇಲೆ ಸಿಂಗಳೀಕ ಕಂಡಾಗ ನಾನು "ಅಗೋ" ಎಂದೆ. ಅಮ್ಮನ ಬೆರಳು ತುಟಿಗೆ ಹೋಯಿತು. ಮಂಗಟ್ಟೆಹಕ್ಕಿ ಹಾರಿಹೋದಾಗ ಅದರ ರೆಕ್ಕೆಯ ಸದ್ದನ್ನು ಅಣಕಿಸಿದೆ. ಮತ್ತೆ ಬೆರಳು. ಮೊದಮೊದಲು ಆಸೆಯಿಂದ ಅಕ್ಕನ ಮುಖ ನೋಡುತ್ತಿದ್ದ ಅಮ್ಮ, ಬರಬರುತ್ತಾ ನನ್ನನ್ನು ಸುಮ್ಮನಿರಿಸುವುದರಲ್ಲೇ ಸುಸ್ತಾದಳು.

ಹೊಳೆ ತಿರುಗುವಲ್ಲಿ, ಬಂಡೆಯ ಮೇಲೆ, ನೀರುನಾಯಿಗಳ ಒಂದು ಸಂಸಾರವೇ ಇತ್ತು. ಐತಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಒಲ್ಲೆನೆಂದು ಒದ್ದಾಡುವ ಮರಿಯ ಕತ್ತನ್ನು ಕಚ್ಚಿ ಹಿಡಿದು ತಾಯಿ ಅದನ್ನು ನೀರಿಗಿಳಿಸುತ್ತಿತ್ತು. ನಾನೂ ಸೇರಿದಂತೆ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು.

"ಅಮ್ಮಾ, ಮರಿ."

ಸಣ್ಣ, ಒಡಕು ದನಿ. ಅಮ್ಮ ಬಂಡೆಯಿಂದ ಕಣ್ಣು ಕೀಳಲಿಲ್ಲ. ಬೆರಳು ತುಟಿಗೆ ಹೋಯಿತು. "ಶ್. ಎಷ್ಟು ಸಲ ಹೇಳ್ಬೇಕು? ಬಾಯಿ ಮುಚ್ಕೊಂಡಿರು."

ನೀರುನಾಯಿಗಳು ಮುಳುಗಿದವು. ಬಂಡೆ ಖಾಲಿಯಾಯಿತು.

"ಅದು ಇವನಲ್ಲ ಕಣೇ," ಎಂದರು ಅಪ್ಪ.

ಅಮ್ಮ ತಿರುಗಿದಳು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಕುಮುದಾ, ನಿಂಗಲ್ಲಮ್ಮ ಹೇಳಿದ್ದು. ಇನ್ನೊಂದ್ಸಲ ಹೇಳು ಕಂದ. ಮರಿ ಅನ್ನು." ದೋಣಿ ಓಲಾಡುವುದನ್ನೂ ಲೆಕ್ಕಿಸದೆ ಅಮ್ಮ ಅವಳ ಬಳಿಗೆ ತೆವಳಿದಳು. ದಡ ಸೇರುವವರೆಗೂ ಬೇಡಿಕೊಂಡಳು. ಸುಮ್ಮನಿರಿ ಎಂದು ಐತಪ್ಪ ಹೇಳಲಿಲ್ಲ. ನನಗೆ ನನ್ನ ಬಾಯಿಯ ಮೇಲೆಯೇ ಹೇಸಿಗೆಯಾಯಿತು. ಅತ್ತದ್ದೂ ಸದ್ದಿಲ್ಲದೆಯೇ.

ಅಕ್ಕ ಮತ್ತೆ ಮಾತಾಡಲಿಲ್ಲ. ದೊಡ್ಡವಳಾದಳು, ಹೊಲಿಗೆ ಕಲಿತಳು, ನಿಧಾನವಾಗಿ ನಗುವುದನ್ನೂ ಕಲಿತಳು. ಅಮ್ಮನ ತೋರುಬೆರಳು ಮಾತ್ರ ಅಂದಿನಿಂದ ಮಡಚಿಕೊಂಡೇ ಇತ್ತು. ಲೋಟ ಹಿಡಿಯುವಾಗಲೂ, ಅಕ್ಕನ ತಲೆ ಬಾಚುವಾಗಲೂ ಅವಳು ಅದನ್ನು ಅಂಗೈಯೊಳಗೆ ಅಡಗಿಸುತ್ತಿದ್ದಳು.

ಮುಪ್ಪಿನಲ್ಲಿ ಅಮ್ಮ ಹಾಸಿಗೆ ಹಿಡಿದಾಗ, ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿದ ಮೇಲೆ ಅಕ್ಕ ಪಕ್ಕದಲ್ಲಿ ಕೂತು, ಆ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಬೆರಳನ್ನು ನೆಟ್ಟಗೆ ಮಾಡಿ, ತನ್ನ ಕೈಯೊಳಗೆ ಹಿಡಿದುಕೊಂಡಿರುತ್ತಿದ್ದಳು. ಬಿಟ್ಟ ಕೂಡಲೇ ಅದು ಮತ್ತೆ ಮಡಚಿಕೊಳ್ಳುತ್ತಿತ್ತು.