ಬಾಗಿಲ ಮೇಲಿನ ಕೆಂಪು ಗೆರೆ

ನಮ್ಮೂರು ಖಾಲಿಯಾದದ್ದು ಹೊಳೆಯ ನೆರೆಯಿಂದ ಎಂದು ಸರ್ಕಾರದ ಕಡತ ಹೇಳುತ್ತದೆ. ಅಲ್ಲ, ನಮ್ಮ ಮಾವನವರ ಜಂಬದಿಂದ ಎಂದು ಅತ್ತೆ ಹೇಳುತ್ತಿದ್ದರು. ಸೊಸೆಯಾಗಿ ನಾನು ಅತ್ತೆಯ ಮಾತನ್ನು ಮರುಮಾತಿಲ್ಲದೆ ಒಪ್ಪಿದ್ದು ಇದೊಂದೇ ವಿಷಯದಲ್ಲಿ.

ಎರಡು ಮೂರು ವರ್ಷಕ್ಕೊಮ್ಮೆ ಹೊಳೆ ನಮ್ಮ ಪೇಟೆಬೀದಿಗೆ ಬಂದು ಹೋಗುತ್ತಿತ್ತು. ನೀರು ಇಳಿದ ಮೇಲೆ ಕೆಸರು ತೊಳೆದು, ಗೋಡೆಗೆ ಸುಣ್ಣ ಬಳಿದು, ನೀರು ನಿಂತಿದ್ದ ಎತ್ತರಕ್ಕೆ ಕೆಂಪು ಗೆರೆ ಎಳೆದು ಇಸವಿ ಬರೆಯುವುದು ಪದ್ಧತಿ. ಮೊದಮೊದಲು ಅದು ನೆನಪಿಗೆ ಇದ್ದದ್ದು, ಬರಬರುತ್ತಾ ಮರ್ಯಾದೆಯ ಪ್ರಶ್ನೆಯಾಯಿತು. ಯಾರ ಗೆರೆ ಎತ್ತರವೋ ಅವರೇ ಹೆಚ್ಚು ಕಷ್ಟ ಕಂಡವರು, ಟೀ ಅಂಗಡಿಯಲ್ಲಿ ಅವರ ಮಾತಿಗೇ ತೂಕ. ಕೆಸರಿನ ಗುರುತು ಸುಣ್ಣದಡಿ ಹೋದ ಮೇಲೆ ಸುಳ್ಳು ನಿಜ ಕೇಳುವವರು ಯಾರು?

ಮಾವ ದರ್ಜಿ. ಬಟ್ಟೆಯ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಎದುರಂಗಡಿಯ ಗಡಿಯಾರ ರಿಪೇರಿಯವರನ್ನು ಊರೆಲ್ಲ ಟಿಕ್‌ಟಿಕ್ ಎನ್ನುತ್ತಿತ್ತು. ಗೆರೆಯ ವಿಷಯಕ್ಕೆ ಬಂದರೆ ಇಬ್ಬರೂ ಬುರುಡೆ ಬಿಡುವುದರಲ್ಲಿ ಎತ್ತಿದ ಕೈ. ಕೊನೆಯ ನೆರೆಯಲ್ಲಿ ನೀರು ಬಂದದ್ದು ಸೊಂಟದವರೆಗೆ. ಟಿಕ್‌ಟಿಕ್ ತಮ್ಮ ಅಂಗಡಿಯ ಬಾಗಿಲ ಚೌಕಟ್ಟಿನ ಮೇಲಂಚಿಗೆ ಗೆರೆ ಎಳೆದರು. ಮಾವ ಬಿಡುತ್ತಾರೆಯೇ? ಬಟ್ಟೆ ಕತ್ತರಿಸುವ ಮೇಜನ್ನು ಬೀದಿಗೆ ತಂದು, ಅದರ ಮೇಲೆ ಸ್ಟೂಲ್ ಇಟ್ಟು, ನಮ್ಮ ಬಾಗಿಲ ಮೇಲೆ ಅದಕ್ಕಿಂತ ಒಂದು ಗೇಣು ಎತ್ತರಕ್ಕೆ ಎಳೆದರು.

"ಅಷ್ಟು ನೀರು ಬಂದಿದ್ರೆ, ಗೆರೆ ಎಳೆಯೋಕೆ ನೀವೆಲ್ಲಿ ಇರ್ತಿದ್ರಿ?" ಎಂದರು ಅತ್ತೆ, ಸ್ಟೂಲ್ ಹಿಡಿದುಕೊಂಡೇ.

ಮುಂದಿನ ತಿಂಗಳು ಸರ್ವೆ ಅಧಿಕಾರಿ ಬಂದರು. ಬೀದಿಯುದ್ದಕ್ಕೂ ಗೆರೆಗಳನ್ನು ಅಳೆದು, ನಮ್ಮ ಅಂಗಡಿಯ ಮುಂದೆ ಕತ್ತೆತ್ತಿ ನಿಂತುಬಿಟ್ಟರು.

"ಬಾಗಿಲೇ ಮುಳುಗೋ ಜಾಗದಲ್ಲಿ ಜನ ಇರೋ ಹಾಗಿಲ್ಲ. ಇಡೀ ಪೇಟೆ ಗುಡ್ಡದ ಮೇಲಕ್ಕೆ ಹೋಗಬೇಕು."

ಮಾವನ ಮುಖ ಬಿಳಿಚಿಕೊಂಡಿತು. ಅವರು ಹುಟ್ಟಿದ್ದೇ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ. ನಲವತ್ತು ವರ್ಷ ಒಂದೇ ಕಿಟಕಿಯ ಬೆಳಕಿನಲ್ಲಿ ಹೊಲಿದವರು, ಆ ಕಿಟಕಿ ಬಿಟ್ಟರೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ ಎನ್ನುತ್ತಿದ್ದರು. ಬೀದಿಯವರೆಲ್ಲ ನೆರೆದಿದ್ದರು. ಮಾವ ಕೊರಳಿನ ಟೇಪನ್ನು ಕೈಗೆ ಸುತ್ತುತ್ತಾ, "ಸಾರ್, ಅದು ಸುಳ್ಳು. ಸ್ಟೂಲ್ ಹತ್ತಿ ನಾನೇ ಎಳೆದದ್ದು" ಎಂದರು.

ಅಷ್ಟು ಜನರ ಮುಂದೆ ಅವರು ತಲೆ ತಗ್ಗಿಸಿದ್ದನ್ನು ಕಂಡು, ಒಳಗೆ ಅಂಗಿಗೆ ಗುಂಡಿಯ ಕಾಜ ಹೊಲಿಯುತ್ತಾ ಕೂತಿದ್ದ ನನಗೆ ಅಳುವೇ ಬಂತು.

ಅಧಿಕಾರಿ ನಕ್ಕರು. "ಊರು ಬಿಡೋಕೆ ಮನಸ್ಸಿಲ್ಲದೋರೆಲ್ಲ ಹೀಗೇ ಹೇಳೋದು. ಎದುರುಗಡೆಯವರದ್ದೂ ಬಾಗಿಲ ಮೇಲೇ ಇದೆಯಲ್ಲ? ಏನ್ರೀ, ನಿಮ್ಮದೂ ಸುಳ್ಳಾ?"

ಟಿಕ್‌ಟಿಕ್ ಒಂದು ಹೂಂ ಅಂದಿದ್ದರೆ ಊರು ಉಳಿಯುತ್ತಿತ್ತು. ಮಾವ ಕಣ್ಣಲ್ಲೇ ಬೇಡಿಕೊಂಡರು. ಟಿಕ್‌ಟಿಕ್ ಒಮ್ಮೆ ನೆರೆದ ಜನರನ್ನು ನೋಡಿದರು, ಒಮ್ಮೆ ತಮ್ಮ ಗೆರೆಯನ್ನು ನೋಡಿದರು.

"ಅವನ ವಿಷಯ ಗೊತ್ತಿಲ್ಲ ಸಾರ್. ನಂದು ಮಾತ್ರ ಅಪ್ಪಟ ನಿಜ."

"ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!" ಎಂದು ಅತ್ತೆ ಬಾಗಿಲು ಹಾಕಿಕೊಂಡರು.

ಮೂರೇ ತಿಂಗಳಲ್ಲಿ ಪೇಟೆ ಗುಡ್ಡ ಹತ್ತಿತು. ಹೊಸ ಸಾಲಿನಲ್ಲೂ ಇಬ್ಬರ ಅಂಗಡಿ ಎದುರುಬದುರೇ. ಆದರೆ ಮಾವ ಹೊಲಿಗೆ ಯಂತ್ರವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಒಂದು ವರ್ಷ ಟಿಕ್‌ಟಿಕ್ ಜೊತೆ ಮಾತೇ ಆಡಲಿಲ್ಲ. ಸೂಜಿಗೆ ದಾರ ನಾನೇ ಪೋಣಿಸಿಕೊಡುತ್ತಿದ್ದೆ.

ಮರುವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎಲ್ಲರೂ ಗುಡ್ಡದ ಅಂಚಿಗೆ ಓಡಿದೆವು. ಹೊಳೆ ಹಿಂದೆಂದೂ ಹಾಗೆ ಬಂದಿರಲಿಲ್ಲ. ಕೆಳಗೆ ನಮ್ಮ ಹಳೇ ಅಂಗಡಿಯ ಕಿಟಕಿ ಮುಳುಗಿತು, ಬಾಗಿಲು ಮುಳುಗಿತು, ಮಧ್ಯಾಹ್ನದ ಹೊತ್ತಿಗೆ ಹೆಂಚು ಮಾತ್ರ ಉಳಿಯಿತು. ಅಲ್ಲೇ ಇದ್ದಿದ್ದರೆ ನಮ್ಮಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಅತ್ತೆ ಮಾವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಹಿಂದೆ ಸ್ಟೂಲ್ ಹಿಡಿದ ಹಾಗೆ.

ಟಿಕ್‌ಟಿಕ್ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತರು. ಕಣ್ಣು ಒದ್ದೆಯಾಗಿತ್ತು.

"ನಿನ್ನ ಗೆರೆನೂ ಮುಳುಗ್ತಲ್ಲೋ."

ಮಾವ ಒಂದು ವರ್ಷದ ಮೇಲೆ ಬಾಯಿ ಬಿಟ್ಟರು.

"ನಿಂದು ಮೊದಲು ಮುಳುಗ್ತು ಕಣೋ."